ಅಳಿವೆಯ ಕೆಸರು ಮತ್ತು ದಡದ ಹಕ್ಕಿಗಳು

ಮಾನ್ಯರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನೀರಹಕ್ಕಿಗಳ ಮಾತು ಬಂದಾಗಲೆಲ್ಲ ಮುಂಡಗೋಡದ ಅತ್ತಿವೇರಿ, ಸೋಂದೆಯ ಬಳಿಯ ಮುಂಡಿಗೆಕೆರೆ ಎಂಬ ಎರಡು ಹೆಸರುಗಳು ಮೊದಲು ಬರುತ್ತವೆ. ಅದು ಸಹಜವೇ. ಅಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಮರದ ಮೇಲೆ ಗೂಡು ಕಟ್ಟಿ ಮರಿ ಮಾಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಕಣ್ಣಿಗೆ ಬಿದ್ದದ್ದನ್ನು ಕಾಯುವುದೂ ಸುಲಭ. ಘಟ್ಟದ ಕೆಳಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ನದಿಗಳು ಸಮುದ್ರ ಸೇರುವ ಅಳಿವೆಗಳಲ್ಲಿ ಚಳಿಗಾಲವಿಡೀ ಮೇಯ್ದು ಹೋಗುವ ದಡದ ಹಕ್ಕಿಗಳಿಗೆ ಆ ಭಾಗ್ಯವಿಲ್ಲ. ಅವುಗಳಲ್ಲಿ ಹೆಚ್ಚಿನವು ಇಲ್ಲಿ ಗೂಡು ಕಟ್ಟುವುದಿಲ್ಲ. ಮೈಬಣ್ಣ ಮಣ್ಣಿನದೇ ಆದ್ದರಿಂದ ಹತ್ತಿರ ಹೋಗುವ ತನಕ ಕಾಣಿಸುವುದೂ ಇಲ್ಲ. ಅವು ಮೇಯುವ ಕೆಸರುಬಯಲನ್ನು ನಾವು ಯಾವುದಕ್ಕೂ ಬಾರದ ಜಾಗವೆಂದೇ ಎಣಿಸುತ್ತ ಬಂದಿದ್ದೇವೆ. ನನ್ನ ಇಂದಿನ ಮಾತು ಆ ಬಯಲಿನ ಬಗ್ಗೆ.

ನಮ್ಮ ಕರಾವಳಿಯಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿದೆ. ಈ ಹಕ್ಕಿಗಳ ಊಟ, ನಿದ್ದೆ ಎರಡೂ ನಡೆಯುವುದು ಅದೇ ಲೆಕ್ಕದಲ್ಲಿ. ನೀರು ಇಳಿದು ಕೆಸರು ತೆರೆದುಕೊಂಡಾಗ, ಅದು ನಡುರಾತ್ರಿಯೇ ಆಗಿದ್ದರೂ, ಅವು ಮೇಯುತ್ತವೆ; ಉಬ್ಬರ ಬಂದು ಕೆಸರು ಮುಚ್ಚಿದಾಗ ನೀರು ಮುಟ್ಟದ ಮರಳದಿಣ್ಣೆಯ ಮೇಲೋ ಗಜನಿಯ, ಎಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಕಟ್ಟೆಯ ಮೇಲೋ ಒತ್ತಾಗಿ ನಿಂತು ಮುಂದಿನ ಇಳಿತಕ್ಕೆ ಕಾಯುತ್ತವೆ. ಒಂದೇ ಬಯಲಿನಲ್ಲಿ ಹತ್ತಾರು ಬಗೆಯ ಹಕ್ಕಿಗಳು ಜಗಳವಿಲ್ಲದೆ ಮೇಯುವುದಕ್ಕೆ ಬಹುಮಟ್ಟಿಗೆ ಅವುಗಳ ಕೊಕ್ಕಿನ ಅಳತೆಯೇ ಕಾರಣ. ಗಿಡ್ಡ ಕೊಕ್ಕಿನ ಪ್ಲೋವರ್‌ಗಳು ನಾಲ್ಕು ಹೆಜ್ಜೆ ಓಡಿ, ನಿಂತು, ಮೇಲ್ಮೈಯಲ್ಲಿ ಅಲುಗಾಡಿದ್ದನ್ನು ಕಣ್ಣಿನಿಂದಲೇ ಗುರುತಿಸಿ ಹೆಕ್ಕುತ್ತವೆ. ಸ್ಯಾಂಡ್‌ಪೈಪರ್‌ಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶವನ್ನು ಅರಿಯುವ ಸೂಕ್ಷ್ಮ ಅಂಗಗಳಿರುವುದರಿಂದ, ಅವು ಕಾಣದ ಹುಳುವನ್ನೂ ಕೆಸರಿನೊಳಗೇ ಪತ್ತೆ ಮಾಡುತ್ತವೆ. ಕರ್ಲ್ಯೂ ಎಂಬ ದೊಡ್ಡ ಹಕ್ಕಿಯ ಬಾಗಿದ ಕೊಕ್ಕು ಏಡಿಯ ಬಿಲದ ಆಳಕ್ಕೆ ಇಳಿಯುತ್ತದೆ. ಹೀಗಾಗಿ ಕೆಸರಿನ ದಪ್ಪ, ಮರಳಿನ ಪ್ರಮಾಣ, ನೀರಿನ ಉಪ್ಪು, ಇವುಗಳಲ್ಲಿ ಯಾವುದು ಬದಲಾದರೂ ಮೊದಲು ಹುಳುಹುಪ್ಪಟೆ ಬದಲಾಗುತ್ತವೆ, ಆಮೇಲೆ ಹಕ್ಕಿ.

ಇದಕ್ಕೆ ಬೇರೆಲ್ಲೂ ಹುಡುಕದೆ ನಮ್ಮ ಎರಡು ನದಿಗಳನ್ನೇ ನೋಡಬಹುದು. ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗಿನ ಅಣೆಕಟ್ಟುಗಳು ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಬಿಡುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿದೆ, ಚಿಪ್ಪುಜೀವಿಗಳ ವೈವಿಧ್ಯವೂ ಕಡಿಮೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಎರಡೂ ತಮ್ಮ ಸರದಿಯಲ್ಲೇ ಬರುತ್ತವೆ. ಅಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ನೀರಿಗಿಳಿಯುವ ಕುಟುಂಬಗಳೂ ಹಕ್ಕಿಗಳೂ ನಂಬಿರುವುದು ಒಂದೇ ಕೆಸರನ್ನು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವನ್ನು ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಹಕ್ಕಿಯನ್ನು ಕಾಯುವ ಹೆಸರಿನಲ್ಲಿ ಬಳಚಿನವರನ್ನು ಹೊರಗಿಡುವ ಯೋಚನೆ ಯಾರಿಗಾದರೂ ಬಂದರೆ ಅದು ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಯಲಿನ ಆರೋಗ್ಯವನ್ನು ದಿನವೂ ಕಾಲಿನಿಂದ ಅಳೆಯುವವರು ಅವರೇ.

ಇನ್ನು ಕಾಂಡ್ಲದ, ಎಂದರೆ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ, ವಿಷಯ. ಕಾಂಡ್ಲ ದಡ ಕಾಯುತ್ತದೆ, ಮೀನಿನ ಮರಿಗಳಿಗೆ ಆಸರೆಯಾಗುತ್ತದೆ, ಬೆಳ್ಳಕ್ಕಿಗಳಿಗೆ ತಂಗುದಾಣವಾಗುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಹಸಿರು ಕಂಡರೆ ಮಾತ್ರ ಸಂರಕ್ಷಣೆ ನಡೆದಿದೆ ಎಂದು ನಂಬುವ ನಮ್ಮ ಅಭ್ಯಾಸದಿಂದಾಗಿ, ಕಾಂಡ್ಲ ತಾನಾಗಿ ಬೆಳೆಯದ ತೆರೆದ ಕೆಸರಿನ ಮೇಲೂ ಸಾಲುಸಾಲಾಗಿ ಸಸಿ ನೆಡಲು ಮನಸ್ಸಾಗುತ್ತದೆ. ದಡದ ಹಕ್ಕಿಗಳು ದೂರದಿಂದಲೇ ಗಿಡುಗವನ್ನು ಕಾಣಬಲ್ಲ ಬಯಲನ್ನು ಬಯಸುತ್ತವೆ. ಗಿಡ ಎದ್ದಲ್ಲಿ ಅವುಗಳಲ್ಲಿ ಹೆಚ್ಚಿನವು ಮೇಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮರಳದಂಡೆಯ ಮೇಲೆ ಗಾಳಿಮರದ ತೋಪು ಎಬ್ಬಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ. ಕಾಗದದ ಮೇಲೆ ನಮ್ಮ ಕಾನೂನು ಈ ಭೇದ ಮಾಡಿಲ್ಲ: 2011ರ ಮತ್ತು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳೆರಡೂ ಜೀವವಿರುವ ಕೆಸರುಬಯಲನ್ನು ಕಾಂಡ್ಲದ ಜೊತೆಗೇ ಅತಿಸೂಕ್ಷ್ಮ ವರ್ಗದಲ್ಲಿ ಇಟ್ಟಿವೆ.

ಕಾರವಾರದ ಟಾಗೋರ್ ಕಡಲತೀರದಂಥ ಮರಳಿನಲ್ಲಿ ಓಡಾಡುವ ಪುಟ್ಟ ಸ್ಯಾಂಡ್ ಪ್ಲೋವರ್ ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ನಮ್ಮ ಮಳೆ ಮುಗಿಯುವ ಮೊದಲೇ, ಆಗಸ್ಟ್ ಹೊತ್ತಿಗೆ ಕಡಲಿಗೆ ಮರಳತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಡುತ್ತದೆ. ದೂರ ಹಾರುವ ಹಕ್ಕಿಗಳು ಹೊರಡುವ ಮುನ್ನ ಕೊಬ್ಬು ಕೂಡಿಸಿ ಮೈತೂಕ ಏರಿಸಿಕೊಳ್ಳುತ್ತವೆ. ಕೆಲವು ಜಾತಿಗಳಲ್ಲಿ ಅದು ಇಮ್ಮಡಿಗೂ ಹತ್ತಿರವಾಗುತ್ತದೆ. ಗಾಡ್‌ವಿಟ್‌ನಂಥ ದಡದ ಹಕ್ಕಿಗಳು ಹಾರಾಟದ ಭಾರ ತಗ್ಗಿಸಲು ಕರುಳನ್ನೇ ಕುಗ್ಗಿಸಿಕೊಳ್ಳುತ್ತವೆ. 2022ರಲ್ಲಿ ಹುಟ್ಟಿದ ಒಂದು ಗಾಡ್‌ವಿಟ್ ಮರಿ ಅದೇ ವರ್ಷ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲಿಯೂ ಇಳಿಯದೆ 13,560 ಕಿಲೋಮೀಟರ್ ಹಾರಿದ್ದು ಉಪಗ್ರಹದ ಮೂಲಕ ದಾಖಲಾಗಿದೆ. ಇಂಥ ಪಯಣಕ್ಕೆ ಗ್ರಾಂ ಲೆಕ್ಕದಲ್ಲಿ ಉಳಿಸಿದ ಕೊಬ್ಬನ್ನು, ಉಬ್ಬರದ ಹೊತ್ತಿನಲ್ಲಿ ಅಟ್ಟಿಕೊಂಡು ಬರುವ ಒಂದು ನಾಯಿ, ಮರಳಿನ ಮೇಲೆ ಓಡಿಸುವ ಒಂದು ಜೀಪು, ಗುಂಪನ್ನು ಹಾರಿಸಿ ಚಿತ್ರ ತೆಗೆಯುವ ಒಬ್ಬ ಉತ್ಸಾಹಿ, ಹೀಗೆ ಒಬ್ಬೊಬ್ಬರಾಗಿ ಕರಗಿಸುತ್ತಾರೆ. ಕ್ಯಾಮೆರಾ ಹಿಡಿದವರು ನನ್ನ ಮೇಲೆ ಸಿಟ್ಟಾಗಬಾರದು.

2024ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿ ಪರಿಷ್ಕರಣೆಯಾದಾಗ ಬೂದು ಪ್ಲೋವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡೂ ಅಪಾಯಕ್ಕೆ ಈಡಾದ ಜಾತಿಗಳ ವರ್ಗಕ್ಕೆ ಏರಿದವು. ಎರಡೂ ನಮ್ಮ ಕರಾವಳಿಗೆ ಬರುವ ಹಕ್ಕಿಗಳು. ಉತ್ತರ ಧ್ರುವದ ಬಳಿ ಅವು ಮರಿ ಮಾಡುವ ನೆಲದ ಬಿಸಿಯನ್ನು ಕುಮಟೆಯಲ್ಲಿ ಕುಳಿತು ಇಳಿಸಲಾಗದು. ಉಬ್ಬರದಲ್ಲಿ ಹಕ್ಕಿ ನಿಲ್ಲುವ ದಿಣ್ಣೆಗಳು ಯಾವುವು ಎಂದು ಅಳಿವೆ ಅಳಿವೆಗೂ ಗುರುತಿಸಿ, ಅಲ್ಲಿ ಮರಳು ತೆಗೆಯದಂತೆ, ಚಳಿಗಾಲದಲ್ಲಿ ವಾಹನ ಇಳಿಯದಂತೆ ಪಂಚಾಯತಿಗಳು ನೋಡಿಕೊಳ್ಳುವುದು ಮಾತ್ರ ಸಾಧ್ಯವಿರುವ ಕೆಲಸ. ಮೇಯುವ ಬಯಲಿನ ಬಗ್ಗೆ ಒಂದಿಷ್ಟು ಮಾತಾದರೂ ಕೇಳಿಬರುತ್ತದೆ, ನಿಲ್ಲುವ ಜಾಗದ ಬಗ್ಗೆ ಅದೂ ಇಲ್ಲ.

1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ಸ್ವಯಂಸೇವಕರು ನೀರಹಕ್ಕಿಗಳ ಗಣತಿ ನಡೆಸುತ್ತಿದ್ದಾರೆ. ಅದರಲ್ಲಿ ಸೇರಬಯಸುವವರು ಉಬ್ಬರ-ಇಳಿತದ ಕೋಷ್ಟಕ ನೋಡಿಕೊಂಡು, ಉಬ್ಬರ ತುದಿ ಮುಟ್ಟುವುದಕ್ಕೆ ಎರಡು ಗಂಟೆ ಮೊದಲೇ ದಿಣ್ಣೆಯಿಂದ ದೂರ ಜಾಗ ಹಿಡಿದು ಕುಳಿತುಕೊಳ್ಳಬೇಕು. ನೀರು ಏರಿದಂತೆ ಹಕ್ಕಿಗಳು ತಾವಾಗಿಯೇ ಹತ್ತಿರ ಬರುತ್ತವೆ, ಎಣಿಕೆಯೂ ಸುಲಭವಾಗುತ್ತದೆ.