ಹಳದಿ ಬಾವುಟದ ಕೆಳಗೆ ನವರಾತ್ರಿ

ಪರದೆಯ ಮೇಲೆ ಈಗ ಕಾಣುತ್ತಿರುವ ಹಳದಿ ಬಾವುಟವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಅದರ ಮೇಲೆ ಕೆಂಪು ಬಣ್ಣದಲ್ಲಿ ಯಾರೋ ಅವಸರದಿಂದ 17 ಎಂದು ಗೀಚಿದಂತಿದೆ, ಅಲ್ಲವೇ? ಅದು ಸಂಖ್ಯೆಯಲ್ಲ. ಥಾಯ್ ಲಿಪಿಯಲ್ಲಿ 'ಜೇ'. ಬ್ಯಾಂಕಾಕಿನಲ್ಲಿ ಹತ್ತು ದಿನ ನನ್ನ ಅಮ್ಮನನ್ನು ಉಪವಾಸ ಕೆಡವದೆ ಕಾಪಾಡಿದ್ದು ಈ ಅಕ್ಷರ.

ಇವೆಲ್ಲ 2024ರ ಅಕ್ಟೋಬರಿನ ದೃಶ್ಯಗಳು. ಮೊಬೈಲಿನಲ್ಲಿ ವರ್ಷಕ್ಕೂ ಮೇಲೆ ಕೊಳೆಯುತ್ತಿದ್ದವು, ಈಗ ಕೂತು ಕತ್ತರಿಸಿ ಜೋಡಿಸುತ್ತಿದ್ದೇನೆ. ಆ ವರ್ಷ ದೊಡ್ಡಪ್ಪ ತೀರಿಕೊಂಡಿದ್ದರು, ಹಾಗಾಗಿ ಮೈಸೂರಿನ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಯಲೇ ಇಲ್ಲ. ಅದೇ ಹೊತ್ತಿಗೆ ನನಗೆ ಕಚೇರಿ ಕೆಲಸದ ಮೇಲೆ ಬ್ಯಾಂಕಾಕಿಗೆ ಹೋಗಬೇಕಾಗಿ ಬಂತು. ಖಾಲಿ ಮನೆಯಲ್ಲಿ ಕೂತು ಏನು ಮಾಡುತ್ತೀಯ, ಬಾ ಎಂದು ಅಮ್ಮನನ್ನು ಎಳೆದುಕೊಂಡು ಹೊರಟೆ. ಅವಳದ್ದು ಒಂದೇ ಷರತ್ತು: ಹಬ್ಬವಿರಲಿ, ಬಿಡಲಿ, ಪಾಡ್ಯದಿಂದ ನವಮಿಯವರೆಗೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮಾಂಸ, ಮೀನು, ಮೊಟ್ಟೆಯ ಮಾತು ಹೇಗೂ ಇಲ್ಲ. ಮೀನಿನ ಸಾರದಲ್ಲೇ ಉಪ್ಪಿನ ರುಚಿ ಕಾಣುವ ಊರಿಗೆ ಈ ಷರತ್ತು ಹೊತ್ತು ಹೋಗುವುದೆಂದರೆ! ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟಿನಿಂದ ಅರ್ಧ ಸೂಟ್‌ಕೇಸ್ ತುಂಬಿಕೊಂಡೆವು.

ವಿಮಾನ ಇಳಿದದ್ದು ಸುವರ್ಣಭೂಮಿಯಲ್ಲಿ. ಬೆಂಗಳೂರಿನಿಂದ ನಾಲ್ಕು ಗಂಟೆಯ ಹತ್ತಿರದ ಪ್ರಯಾಣ, ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದರೆ ಮುಗಿಯಿತು. ಸುವರ್ಣಭೂಮಿ ಎಂದು ಬರೆಯುತ್ತಾರೆ, 'ಸುವನ್ನಪೂಮ್' ಎನ್ನುತ್ತಾರೆ. ಅಮ್ಮನಿಗೆ ಅಲ್ಲಿಂದಲೇ ಆಟ ಶುರುವಾಯಿತು. ಊರಿನ ಹೆಸರುಗಳನ್ನೆಲ್ಲ ಬಿಡಿಸುವ ಆಟ. ವಿಮಾನ ನಿಲ್ದಾಣದ ರೈಲಿನಿಂದ ಮಕ್ಕಸಾನಿನಲ್ಲಿ ಇಳಿದು ಮೆಟ್ರೋ ಹಿಡಿಯುವ ನಿಲ್ದಾಣದ ಹೆಸರು ಫೆಚ್ಚಬುರಿ, ಅಂದರೆ ವಜ್ರಪುರಿ. ನಮ್ಮ ಹೋಟೆಲ್ ಇದ್ದ ಚೀನೀ ಪೇಟೆ ಯಾವರಾತ್, ಅದು ಯುವರಾಜ. ಓಡುವ ಗಾಡಿಗಳೆಲ್ಲ ಇವರ ಬಾಯಲ್ಲಿ 'ರೊತ್', ನಮ್ಮ ರಥ. ಕೋಣೆಯಲ್ಲಿ ಗೋಡೆಗೆ ನೇತುಹಾಕಿದ್ದ ಟಿವಿಗೆ 'ತೋರತತ್' ಎನ್ನುತ್ತಾರಂತೆ. ಅಕ್ಷರ ಬಿಡಿಸಿದರೆ ಸಾಕ್ಷಾತ್ ದೂರದರ್ಶನ! ಶೌಚಾಲಯಕ್ಕೆ 'ಸುಖಾ' ಎಂದು ಬರೆದದ್ದನ್ನು ತಿಳಿದಾಗ ಅಮ್ಮ ನಡುರಸ್ತೆಯಲ್ಲಿ ನಿಂತು ನಕ್ಕಳು. "ಇಷ್ಟು ನಿಜ ಹೇಳುವ ಜನ ಮೋಸ ಮಾಡುವುದಿಲ್ಲ ಬಿಡು" ಎಂದಳು.

ಮೋಸ ಹೋಟೆಲಿನಲ್ಲಿ ಕಾದಿತ್ತು. ಹೆಸರು ಬೇಡ. ಬುಕಿಂಗಿನ ಚಿತ್ರದಲ್ಲಿ ಬೀದಿಗೆ ತೆರೆಯುವ ಹಸಿರು ಕಿಟಕಿ ಇತ್ತು. ನಮಗೆ ಸಿಕ್ಕ ಕೋಣೆಯ ಕಿಟಕಿ ತೆರೆದರೆ ಎರಡು ಅಡಿ ಆಚೆಗೆ ಗೋಡೆ, ಆ ಗೋಡೆಯ ಮೇಲೆ ಪಕ್ಕದವರ ಏಸಿ ಯಂತ್ರದ ಬೆನ್ನು. ಸಾಲದ್ದಕ್ಕೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಹಳೆಯ ಚೀನೀ ಕಟ್ಟಡಗಳನ್ನು ಹೋಟೆಲ್ ಮಾಡಿದಾಗ ಮೆಟ್ಟಿಲು ಏಣಿಯಂತಿರುತ್ತವೆ. ಅಮ್ಮನ ಮೊಣಕಾಲು ತೋರಿಸಿ ಗೋಗರೆದ ಮೇಲೆ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಜಾಗ ಕೊಟ್ಟರು. ರಾತ್ರಿಗೆ 1,400 ಬಾತ್. ಆಗ ಒಂದು ಬಾತ್ ಎಂದರೆ ಎರಡೂವರೆ ರೂಪಾಯಿ, ಲೆಕ್ಕ ನೀವೇ ಹಾಕಿ. ವಯಸ್ಸಾದವರೊಂದಿಗೆ ಬರುವವರು ಕೋಣೆ ಗೊತ್ತುಮಾಡುವ ಮೊದಲು ಲಿಫ್ಟ್ ಉಂಟೇ ಎಂದು ಬರೆದು ಕೇಳಿ. ಕೋಣೆಯ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದರು: ಹಲಸಿನ ದೊಡ್ಡಮ್ಮನ ಮಗಳಂತಿರುವ ಡುರಿಯನ್ ಹಣ್ಣು ಒಳಗೆ ತರಬಾರದು, ಅದರ ವಾಸನೆ ಹೋಗುವುದಿಲ್ಲ. ಮ್ಯಾಂಗೊಸ್ಟೀನ್ ಕೂಡ ಬೇಡ, ಸಿಪ್ಪೆಯ ಕೆನ್ನೇರಳೆ ಕಲೆ ಹಾಸಿಗೆಯಿಂದ ಹೋಗುವುದಿಲ್ಲ.

ಇರಲಿ. ಊಟಕ್ಕೆ ಬರುತ್ತೇನೆ.

ಸಸ್ಯಾಹಾರಕ್ಕೆ ಥಾಯ್ ಭಾಷೆಯಲ್ಲಿ 'ಮಂಗ್ಸವಿರತ್' ಎಂಬ ಪದವಿದೆ. ಮಾಂಸ, ವಿರತಿ. ಎಷ್ಟು ಚೆನ್ನಾಗಿದೆ! ಅದನ್ನೇ ಉರುಹೊಡೆದುಕೊಂಡು ಹೋಗಿದ್ದೆ. ಆದರೆ ಆ ಪದ ನಂಬಿದರೆ ತಟ್ಟೆಗೆ ಮೊಟ್ಟೆ ಬರಬಹುದು, ಬೆಳ್ಳುಳ್ಳಿಯಂತೂ ಬಂದೇ ಬರುತ್ತದೆ. ಅಡುಗೆಯವರು ಮರೆತರೆ ಮೀನಿನ ಸಾರ 'ನಾಮ್ ಪ್ಲಾ' ಕೂಡ. ಸಂಸ್ಕೃತದ ಪದ ಕೈಕೊಟ್ಟಲ್ಲಿ ಚೀನೀ ಪದ ಕೈಹಿಡಿಯಿತು. 'ಜೇ' ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲೂ ಇಲ್ಲ, ಅದರ ಮೇಲೆ ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಗಿಡಗಳೂ ಇಲ್ಲ. ಅಮ್ಮನ ವ್ರತವನ್ನು ಅಮ್ಮನಿಗಿಂತ ಬಿಗಿಯಾಗಿ ಯಾರೋ ಬರೆದಿಟ್ಟಂತೆ.

ಇನ್ನೊಂದು ಸಂಗತಿ ನನಗೆ ಅಲ್ಲಿಗೆ ಹೋಗುವವರೆಗೆ ಗೊತ್ತಿರಲಿಲ್ಲ. ಯಾವರಾತಿನ ತುಂಬ ಹಳದಿ ಬಾವುಟ ಏಕೆ ಎಂದು ಹೋಟೆಲಿನ ಹುಡುಗಿಯನ್ನು ಕೇಳಿದೆ. ಜೇ ಹಬ್ಬ, ಇವತ್ತೇ ಶುರು, ಒಂಬತ್ತು ದಿನ ಎಂದಳು. ಅವತ್ತು ಅಕ್ಟೋಬರ್ 3. ನಮ್ಮ ಪಾಡ್ಯವೂ ಅವತ್ತೇ. ಚೀನೀಯರ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಒಂಬತ್ತು ಚಕ್ರವರ್ತಿ ದೇವತೆಗಳಿಗೆ ನಡೆದುಕೊಳ್ಳುವ ಹಬ್ಬವಂತೆ. ಆ ಒಂಬತ್ತರಲ್ಲಿ ಏಳು, ನಾವು ಸಪ್ತರ್ಷಿಗಳು ಎನ್ನುವ ನಕ್ಷತ್ರಗಳೇ. ಅಮ್ಮ ಕೂಡಲೇ ಕೈಚೀಲದಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದಳು. ಅಮಾವಾಸ್ಯೆ ಇವರಿಗೂ ಅದೇ, ನಮಗೂ ಅದೇ. ಲೆಕ್ಕ ಕೂಡಿದ್ದರಲ್ಲಿ ವಿಚಿತ್ರವೇನಿಲ್ಲ ಎಂದು ತೀರ್ಪು ಕೊಟ್ಟು ಪಂಚಾಂಗ ಮುಚ್ಚಿದಳು. ಪ್ರತಿವರ್ಷ ಹೀಗೇ ಕೂಡುವುದಿಲ್ಲ. 2025ರಲ್ಲಿ ಅವರ ಪಂಚಾಂಗಕ್ಕೆ ಅಧಿಕ ಮಾಸ ಬಂದು ಜೇ ಹಬ್ಬ ಅಕ್ಟೋಬರ್ 21ಕ್ಕೆ ಹೋಯಿತು, ನಮ್ಮ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಶುರುವಾಗಿತ್ತು.

ಇದು ವಾತ್ ಮಂಗ್ಕೊನ್ ಕಮಲಾವಾತ್, 1871ರಲ್ಲಿ ಕಟ್ಟಲು ತೊಡಗಿದ ಚೀನೀ ದೇವಸ್ಥಾನ. ಕಮಲಾವಾತ್ ಅಂದರೆ ಕಮಲಾವಾಸ. ಬಿಳಿ ಬಟ್ಟೆಯುಟ್ಟು ಬರುತ್ತಿರುವವರೆಲ್ಲ ವ್ರತ ಹಿಡಿದವರು. ಕಟ್ಟುನಿಟ್ಟಿನವರು ಒಂಬತ್ತು ದಿನಕ್ಕೆ ಪಾತ್ರೆಯನ್ನೂ ಬೇರೆ ಇಟ್ಟುಕೊಳ್ಳುತ್ತಾರೆ. "ಇವರದೂ ಮಡಿಯೇ" ಎಂದಳು ಅಮ್ಮ. ಅವಳು ಈ ಊರಿಗೆ ಕೊಟ್ಟ ಮೊದಲ ಸರ್ಟಿಫಿಕೇಟ್ ಅದು.

ಆದರೂ ಮೊದಲ ರಾತ್ರಿ ಅವಳು ಬೀದಿಯಲ್ಲಿ ಕೂತು ಉಣ್ಣಲಿಲ್ಲ. ಜೇ ಗಾಡಿಯ ಪಕ್ಕದಲ್ಲೇ ಇನ್ನೊಬ್ಬ ಹುರಿದ ಬಾತುಕೋಳಿಗಳನ್ನು ಕೊಕ್ಕೆಗೆ ನೇತುಹಾಕಿದ್ದ. ಸರಿ, ಕಟ್ಟಿಸಿಕೊಂಡು ಕೋಣೆಗೆ ಬಂದೆವು. ಆಮೇಲೆ ಅದೇ ರೂಢಿಯಾಯಿತು, ಹೊರಗಿನ ಊಟ ಒಳಗೆ. ಈ ಊರಿಗೆ ಇದೇನೂ ಹೊಸದಲ್ಲ. ಸಣ್ಣ ಬಾಡಿಗೆ ಕೋಣೆಗಳಲ್ಲಿ ಒಲೆಯೇ ಇರುವುದಿಲ್ಲ, ಕೆಲಸ ಮುಗಿಸಿದವರು ಸಂಜೆ ಕೈಯಲ್ಲಿ ನಾಲ್ಕು ಚೀಲ ತೂಗಾಡಿಸಿಕೊಂಡು ಮನೆಗೆ ಹೋಗುತ್ತಾರೆ.

ಆ ಚೀಲ ಕಟ್ಟುವುದನ್ನು ನಿಧಾನ ಗತಿಯಲ್ಲಿ ತೋರಿಸುತ್ತಿದ್ದೇನೆ, ನೋಡಿ. ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಒಂದು ಸೌಟು ಸಾರು. ಜೇ ಗಾಡಿಯ ಹೆಂಗಸು ಬಾಯನ್ನು ಒಟ್ಟುಗೂಡಿಸಿ ಒಂದು ಸುತ್ತು ತಿರುಗಿಸಿದಳು, ಒಳಗೆ ಗಾಳಿ ಸಿಕ್ಕಿಕೊಂಡು ಚೀಲ ಬಲೂನಾಯಿತು. ರಬ್ಬರ್ ಬ್ಯಾಂಡನ್ನು ಹೆಬ್ಬೆರಳಿಗೆ ಸಿಕ್ಕಿಸಿ ಫಟಫಟನೆ ಸುತ್ತಿ ಕೊನೆಗೊಂದು ಎಳೆತ. ಎರಡು ಸೆಕೆಂಡ್ ಕೂಡ ಆಗಲಿಲ್ಲ. ಬಿಚ್ಚಲು ನಮಗೆ ಹತ್ತು ನಿಮಿಷ ಬೇಕಾಯಿತು. ಅಮ್ಮ ಹಲ್ಲು ಹಾಕಿ ನೋಡಿ, ಸೋತು, ಹೋಟೆಲಿನವರ ಕತ್ತರಿ ತರಿಸಿದಳು.

ಅನ್ನ, ಎರಡು ಪಲ್ಯಕ್ಕೆ 50 ಬಾತ್. ಎಲೆಕೋಸು, ಬೂದುಗುಂಬಳ, ತೋಫು, ಅಣಬೆ ಎಲ್ಲ ಸರಿ. ಸಮಸ್ಯೆ ಬಂದದ್ದು ಮೂರನೆಯ ದಿನ, ನಾನು ಆಸೆಪಟ್ಟು ತಂದ ಜೇ ಬಾತುಕೋಳಿಯಿಂದ. ಗೋಧಿಯ ಅಂಟಿನಿಂದ ಮಾಡಿದ್ದು. ಹೋಳು ಹೋಳಾಗಿ ಕತ್ತರಿಸಿ, ಚರ್ಮದ ಕಂದು ಬಣ್ಣ ಹಚ್ಚಿ, ರೋಮ ಕಿತ್ತ ಗುಳಿಗಳನ್ನೂ ಒತ್ತಿದ್ದರು. ಅಮ್ಮ ಬೆರಳ ತುದಿಯಿಂದ ಆ ಗುಳಿಗಳನ್ನು ಮುಟ್ಟಿ ನೋಡಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ತಿನ್ನಬಾರದು ಎಂದು ಒಂಬತ್ತು ದಿನ ವ್ರತ ಮಾಡುವವರು ಅದನ್ನೇ ಇಷ್ಟು ಪ್ರೀತಿಯಿಂದ ಕೆತ್ತುತ್ತಾರಲ್ಲ, ಅವರ ಜೀವ ಎಲ್ಲಿದೆ ನೋಡು." ನನಗೆ ಅದು ರುಚಿಯಾಗಿಯೇ ಇತ್ತು. ಇಬ್ಬರ ಪಾಲನ್ನೂ ತಿಂದೆ.

ಅವಳ ದೊಡ್ಡ ಕೊರತೆ ಮೊಸರಿನದ್ದು. ಜೇ ಅಂಗಡಿಯಲ್ಲಿ ಹಾಲೇ ಇಲ್ಲದ ಮೇಲೆ ಮೊಸರು ಎಲ್ಲಿ? ಹೆಜ್ಜೆಗೊಂದು ಇರುವ ಸೆವೆನ್ ಇಲೆವೆನ್ ಅಂಗಡಿಗೆ ನುಗ್ಗಿ ತಂಪುಪೆಟ್ಟಿಗೆಯ ಮುಂದೆ ನಿಂತೆವು. ಸ್ಟ್ರಾಬೆರಿಯದ್ದು, ಅಲೋವೆರಾದ್ದು, ಎಳನೀರಿನದ್ದು. ಕೊನೆಗೆ ಬಿಳಿ ಡಬ್ಬಿಯೊಂದನ್ನು ಮೊಬೈಲಿನ ಅನುವಾದಕದ ಮುಂದೆ ಹಿಡಿದೆ. 'ರೊತ್ ತಮ್ಮಚಾತ್', ಸಹಜ ರುಚಿ ಎಂದಿತು. ಬರಹ ಬಿಡಿಸಿದರೆ ಮೊದಲನೆಯದು ರಸ, ಎರಡನೆಯದು ಧರ್ಮಜಾತಿ. ಪ್ರಕೃತಿಗೆ ಇವರು ಧರ್ಮಜಾತಿ ಎನ್ನುತ್ತಾರೆ! ಅಮ್ಮನಿಗೆ ಆ ಪದ ಎಷ್ಟು ಹಿಡಿಸಿತೆಂದರೆ ಮೊಸರು ಕೊಂಚ ಸಿಹಿಯಿದ್ದದ್ದನ್ನೂ ಕ್ಷಮಿಸಿದಳು. ಈಗಲೂ ಮನೆಯಲ್ಲಿ ಮೊಸರು ಹುಳಿಯಾಗದೆ ಹೆಪ್ಪಾದ ದಿನ, ಇವತ್ತು ಧರ್ಮಜಾತಿಯದ್ದು ಎನ್ನುತ್ತಾಳೆ.

ಐದನೆಯ ಸಂಜೆ ಬೀದಿಯ ಮೂಲೆಯಲ್ಲಿ ಅವಳು ತಟಕ್ಕನೆ ನಿಂತಳು. "ನೋಡೇ, ಗುಂಡುಪಂಗಳ!" ನಿಜಕ್ಕೂ ಅದೇ ಕಾವಲಿ, ದಾವಣಗೆರೆ ಕಡೆಯವರು ಪಡ್ಡಿಗೆ ಇಡುತ್ತಾರಲ್ಲ, ಅಂಥದ್ದೇ ಗುಳಿಗಳು, ಕೊಂಚ ದೊಡ್ಡದು. ಇವರು ಇದಕ್ಕೆ 'ಖನೋಮ್ ಕ್ರೋಕ್' ಎನ್ನುತ್ತಾರೆ. ಅಕ್ಕಿಹಿಟ್ಟು, ತೆಂಗಿನ ಹಾಲು. ಮೊದಲು ತೆಳು ಹಿಟ್ಟು, ಅದು ಅಂಚು ಹಿಡಿಯುತ್ತಲೇ ಮೇಲೆ ಗಟ್ಟಿ ತೆಂಗಿನ ಹಾಲು, ಅದರ ಮೇಲೆ ಜೋಳದ ಕಾಳೋ ಕೆಸುವಿನ ಗೆಡ್ಡೆಯ ಚೂರೋ. ನಾವು ತಿರುಗಿಸಿ ಹಾಕುತ್ತೇವೆ, ಇವರು ತಿರುಗಿಸುವುದಿಲ್ಲ. ಮುಚ್ಚಿ ಬೇಯಿಸಿ, ಚಮಚದಿಂದ ಎಬ್ಬಿಸಿ, ಒಂದರ ಮೇಲೊಂದು ಬೋರಲು ಹಾಕಿ ಜೋಡಿ ಮಾಡುತ್ತಾರೆ. ಅಂಚು ಗರಿಗರಿ, ನಡುವೆ ಇನ್ನೂ ಅಲುಗಾಡುವ ಪಾಯಸ. ಅಮ್ಮ ಅಂದು ಮೊದಲ ಬಾರಿಗೆ ಬೀದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ಬಾಯಿ ಸುಟ್ಟುಕೊಂಡಳು, ಇನ್ನೊಂದು ಪೊಟ್ಟಣ ಕಟ್ಟಿಸಿದಳು. ಮಾರುವವಳ ಪಕ್ಕದಲ್ಲಿ ಒಂದು ಬಟ್ಟಲು ಖಾಲಿಯಿತ್ತು. ಅದು ಈರುಳ್ಳಿ ಸೊಪ್ಪಿನದ್ದು, ಹಬ್ಬ ಮುಗಿದ ಮೇಲೆ ಎಂದು ಸನ್ನೆ ಮಾಡಿದಳು.

ಹಬ್ಬ ಹನ್ನೊಂದಕ್ಕೆ ಮುಗಿಯಿತು. ಹನ್ನೆರಡರ ಬೆಳಗ್ಗೆ ಅದು ಗೊತ್ತಿದ್ದೂ ಕಾಲು ಅದೇ ಗಾಡಿಯ ಕಡೆ ಎಳೆಯಿತು. ಬಾವುಟವಿಲ್ಲ. ಒಂಬತ್ತು ದಿನ ಎಲೆಕೋಸಿನ ಪಲ್ಯವಿದ್ದ ತಟ್ಟೆಗಳಲ್ಲಿ ಏನೇನೋ ಇತ್ತು. ಚೀಲ ಕಟ್ಟುತ್ತಿದ್ದ ಆ ಹೆಂಗಸು ನಮ್ಮನ್ನು ದೂರದಿಂದಲೇ ಕಂಡು ಎರಡೂ ಕೈ ಅಲ್ಲಾಡಿಸಿದಳು. "ಮೈ ಜೇ, ಮೈ ಜೇ." ಜೇ ಅಲ್ಲ, ಬೇಡ. ನಾವು ಹತ್ತಿರ ಬರುವ ಮೊದಲೇ ಸೌಟು ಕೆಳಗಿಟ್ಟು ಓಡಿಬಂದು ಅಮ್ಮನ ಮೊಣಕೈ ಹಿಡಿದು ಓಣಿಯೊಳಕ್ಕೆ ಕರೆದುಕೊಂಡು ಹೋದಳು. ಮೂರು ತಿರುವು ದಾಟಿ, ಹೊಲಿಗೆ ಯಂತ್ರ ರಿಪೇರಿಯವನ ಪಕ್ಕದಲ್ಲಿ ವರ್ಷವಿಡೀ ಹಳದಿ ಬಾವುಟ ಹಾರಿಸುವ ಪುಟ್ಟ ಅಂಗಡಿ. ಅಲ್ಲಿನ ಅಜ್ಜಿಗೆ ಏನೋ ಹೇಳಿ, ನಮ್ಮನ್ನು ಕೂರಿಸಿ, ಗಿರಾಕಿಗಳು ಕಾಯುತ್ತಿದ್ದಾರೆಂದು ಮತ್ತೆ ಓಡಿದಳು. ಕ್ಯಾಮೆರಾ ತೆಗೆಯುವುದು ನನಗೆ ನೆನಪಾಗಲಿಲ್ಲ. ಹಾಗಾಗಿ ನೀವು ನೋಡುತ್ತಿರುವುದು ಖಾಲಿ ಓಣಿ, ಮರುದಿನ ತೆಗೆದದ್ದು.

ಆ ಹನ್ನೆರಡನೆಯ ತಾರೀಖೇ ವಿಜಯದಶಮಿ. ಮೈಸೂರಿನಲ್ಲಿ ಜಂಬೂಸವಾರಿ, ಇಲ್ಲಿ ಸೀಲೋಮ್ ರಸ್ತೆಯಲ್ಲಿ ಮಾರಿಯಮ್ಮನ ಮೆರವಣಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳರು ಕಟ್ಟಿದ ಗುಡಿ ಅದು. ಊರಿನವರು 'ವಾತ್ ಖೇಕ್' ಎನ್ನುತ್ತಾರೆ. ಖೇಕ್ ಎಂದರೆ ಅತಿಥಿ, ಭಾರತೀಯರಿಗೂ ಅದೇ ಪದ. ರಸ್ತೆಯುದ್ದಕ್ಕೂ ಥಾಯ್ ಕುಟುಂಬಗಳು ಚೆಂಡು ಹೂವಿನ ಮಂಟಪ ಕಟ್ಟಿಕೊಂಡು, ತೆಂಗಿನಕಾಯಿ ರಾಶಿ ಹಾಕಿಕೊಂಡು ಕಾದಿದ್ದವು. ಜನ ಎಷ್ಟಿದ್ದರೆಂದರೆ ನನಗೆ ದೇವರ ಕಿರೀಟದ ತುದಿ ಮಾತ್ರ ಸಿಕ್ಕಿದೆ. ಇಗೋ, ಇಷ್ಟೇ.

ಮೆಟ್ರೋ ಇಳಿದು ಹೋಟೆಲಿಗೆ ನಡೆಯುವಾಗ ಹತ್ತು ಗಂಟೆ ದಾಟಿತ್ತು. ಮೂಲೆಯ ಕಾವಲಿ ಇನ್ನೂ ಬಿಸಿಯಿತ್ತು, ಖಾಲಿಯಿದ್ದ ಬಟ್ಟಲು ತುಂಬಿತ್ತು. ಜೋಳದ್ದು ಹಾಕಲೇ ಎಂದು ಮಾರುವವಳು ಚಮಚ ಎತ್ತಿದಳು. ಅಮ್ಮ ತಲೆಯಾಡಿಸಿ, ಹಸಿರು ಬಟ್ಟಲಿನ ಕಡೆ ಬೆರಳು ತೋರಿಸಿದಳು.