ಹಾಯಿಗೂ ಟಕ್ಸ್ ಬೇಕು

ಕೇಳುಗರಿಗೆ ನಮಸ್ಕಾರ.

ಗೋವಾದಲ್ಲಿ ಮಾಂಡೋವಿ ಅಂತ ಕರೆಯೋ ಹೊಳೆ ಹುಟ್ಟುವುದು ನಮ್ಮ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ. ಅಲ್ಲಿ ಅದು ಮಹದಾಯಿ. ನಾನೂ ಆ ಕಡೆಯವನೇ, ಈಗ ಪಣಜಿ ಹತ್ತಿರ ಬಡಗಿ ಕೆಲಸ ಮಾಡುತ್ತೇನೆ. ಈ ಹೊಳೆಯ ದಿವಾಡಿ ದ್ವೀಪದಲ್ಲಿ ಕಟ್ಟಿದ ‘ಮ್ಹಾದೇಯಿ’ ಹಾಯಿಹಡಗು 2009ರಲ್ಲಿ ನೌಕಾಪಡೆಗೆ ಸೇರಿತು. ಅದರಲ್ಲಿ ನೌಕಾಪಡೆಯ ಅಧಿಕಾರಿ ದಿಲೀಪ್ ದೋಂದೆ ಒಬ್ಬರೇ ಭೂಮಿ ಸುತ್ತಿ ಬಂದರು. ಅದನ್ನು ಕೇಳಿದಾಗಿನಿಂದ ನನಗೂ ಒಂದು ಆಸೆ ಇತ್ತು. ಕೈಯಾರೆ ಒಂದು ಸಣ್ಣ ಹಾಯಿದೋಣಿ ಮಾಡಬೇಕು ಅಂತ.

ದೋಣಿ ಕಷ್ಟವಾಗಲಿಲ್ಲ. ನೀರಿಗೆ ತಡೆಯುವ 6 ಎಂಎಂ ಪ್ಲೈವುಡ್, 8 ಅಡಿ ಉದ್ದ. ಹಲಗೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದೆ. ಸಂದಿಗೆ ಎಪಾಕ್ಸಿ ಅಂಟು ತುಂಬಿ, ಮೇಲೆ ಫೈಬರ್ ಪಟ್ಟಿ ಅಂಟಿಸಿದೆ. ಹಾಯಿ ಅಂದರೆ ನೀಲಿ ತಾರ್ಪಾಲು. ನಾಲ್ಕೂ ಅಂಚು ನೆಟ್ಟಗೆ ಕತ್ತರಿಸಿ ಬಿದಿರಿನ ಕಂಬಕ್ಕೆ ಕಟ್ಟಿದೆ.

ಮೊದಲ ಪರೀಕ್ಷೆ ಸೊಂಟದಷ್ಟು ನೀರಿನಲ್ಲಿ. ಬೇಕಂತಲೇ ದೋಣಿ ಮಗುಚಿದೆ. ಎರಡೂ ತುದಿಯ ಗಾಳಿಪೆಟ್ಟಿಗೆಗಳು ತೇಲಿಸಿ ಹಿಡಿದವು, ಎತ್ತಿ ನೆಟ್ಟಗೆ ನಿಲ್ಲಿಸಿದೆ, ನೀರು ಮೊಗೆದು ಹಾಕಿದೆ. ಇದನ್ನು ಮಾಡದೆ ಯಾರೂ ಆಳಕ್ಕೆ ಹೋಗಬಾರದು. ಲೈಫ್ ಜಾಕೆಟ್ ಹಾಕದೆ ಅಂತೂ ಬೇಡವೇ ಬೇಡ.

ಮಾರನೆ ದಿನ ಮಧ್ಯಾಹ್ನ ರಾಯಬಂದರ್ ದಡದಿಂದ ಹೊರಟೆ. ಬೇಸಿಗೆಯ ಮಧ್ಯಾಹ್ನ ಸಮುದ್ರದ ಗಾಳಿ ಪಡುವಣದಿಂದ ಬೀಸುತ್ತದೆ. ಜೊತೆಗೆ ಉಬ್ಬರ ಬೇರೆ. ದೋಣಿ ಹೊಳೆಯ ಮೇಲಕ್ಕೆ ಸರ್ರನೆ ಹೋಯಿತು. ಎಂಥಾ ಸಂತೋಷ ಅಂತೀರಿ! ತಿರುಗಿಸಿದಾಗ ಗೊತ್ತಾಯಿತು. ಈಗ ಗಾಳಿ ಎದುರು. ಓರೆಯಾಗಿ ಅತ್ತ ಇತ್ತ ಹೋಗಿ ನೋಡಿದೆ. ಹಾಯಿ ಪಟಪಟ ಹೊಡೆದುಕೊಂಡಿತು, ದೋಣಿ ಪಕ್ಕಕ್ಕೆ ಜಾರಿತೇ ಹೊರತು ಮುಂದೆ ಹೋಗಲಿಲ್ಲ. ಕೊನೆಗೆ ಹುಟ್ಟು ಹಾಕಿಕೊಂಡು ಬಂದೆ, ಅಂಗೈ ತುಂಬ ಬೊಬ್ಬೆ.

ನಮ್ಮ ಮನೆಯವಳು ಬ್ಲೌಸ್ ಹೊಲಿಯುತ್ತಾಳೆ. ಅಂಗಳದಲ್ಲಿ ಹಾಸಿದ ಹಾಯಿಯನ್ನು ಒಂದು ಸುತ್ತು ಹಾಕಿ ನೋಡಿದಳು. "ರೀ, ನೀವು ಪರದೆ ಮಾಡೀರಿ. ಟಕ್ಸ್ ಹಾಕಲಿಲ್ಲಂದ್ರ ಬ್ಲೌಸ್ ಮೈಗೆ ಕೂಡ್ತದೇನು? ಇದರಾಗ ಗಾಳಿ ಕೂಡಾಕ ಜಾಗ ಎಲ್ಲೈತಿ?" ಅಂದಳು. ಟಕ್ಸ್ ಅಂದರೆ ಬಟ್ಟೆಯನ್ನು ಚೂಪಾಗಿ ಮಡಿಚಿ ಹೊಲಿದು ಉಬ್ಬು ಕೊಡುವುದು.

ಅವಳ ಮಾತು ನಿಜ. ಗಾಳಿ ಹಿಂದಿನಿಂದ ತಳ್ಳುವಾಗ ಚಪ್ಪಟೆ ಬಟ್ಟೆಯೂ ನಡೆಯುತ್ತದೆ. ಎದುರುಗಾಳಿಗೆ ಓರೆಯಾಗಿ ಹೋಗುವಾಗ ಕಥೆಯೇ ಬೇರೆ. ಗಾಳಿ ಹಾಯಿಯ ಎರಡೂ ಮೈಗೆ ಅಂಟಿಕೊಂಡು ಹರಿಯಬೇಕು, ಬಾಗಬೇಕು. ಹಾಗೆ ಬಾಗಿದಾಗಲೇ ಹಾಯಿಗೆ ಎಳೆತ ಬರುತ್ತದೆ. ಪಕ್ಕಕ್ಕೆ ಜಾರದಂತೆ ದೋಣಿಯಿಂದ ನೀರೊಳಗೆ ಇಳಿಬಿಟ್ಟ ಹಲಗೆ ತಡೆಯುತ್ತದೆ. ಉಳಿದ ಎಳೆತ ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಹಲಗೆ ನನ್ನ ಹತ್ತಿರ ಇತ್ತು, ಹಾಯಿಗೆ ಹೊಟ್ಟೆ ಇರಲಿಲ್ಲ.

ಹೊಸ ತಾರ್ಪಾಲು ತಂದೆವು. ಕಂಬದ ಕಡೆಯ ಅಂಚನ್ನು ನಡುವಿನಲ್ಲಿ 2 ಇಂಚು ಹೊರಗೆ ಉಬ್ಬುವಂತೆ ಅವಳೇ ಚಾಕ್‌ನಲ್ಲಿ ಗೀಚಿದಳು. ಆ ಅಂಚನ್ನು ನೆಟ್ಟಗಿನ ಕಂಬಕ್ಕೆ ಕಟ್ಟಿದರೆ ಜಾಸ್ತಿಯಾದ ಬಟ್ಟೆ ಹಿಂದಕ್ಕೆ ಸರಿದು ಹೊಟ್ಟೆಯಾಗುತ್ತದೆ. ಕೆಳಗಿನ ಅಂಚಿಗೆ ಎರಡು ಟಕ್ಸ್. ಬರೀ ಸೂಜಿ ತೂತಿನ ಸಾಲಲ್ಲಿ ತಾರ್ಪಾಲು ಹರಿಯುತ್ತದೆ, ಅದಕ್ಕೇ ಮೊದಲು ಎರಡೂ ಕಡೆ ಅಂಟುವ ಟೇಪ್, ಆಮೇಲೆ ಹೊಲಿಗೆ. ಬಿದಿರೂ ಬದಲಾಯಿತು. ಕಂಬ ಬಾಗಿದರೆ ಹೊಟ್ಟೆ ಮತ್ತೆ ಚಪ್ಪಟೆ ಆಗುತ್ತಲ್ವಾ? ದಪ್ಪನೆಯದು ತಂದೆ. ಗಾಳಿ ಹೇಗೆ ಹರಿಯುತ್ತದೆ ಅಂತ ನೋಡಲು ಹಾಯಿಯ ಎರಡೂ ಮೈಗೆ ಗೇಣುದ್ದ ಕೆಂಪು ಉಣ್ಣೆದಾರ ಅಂಟಿಸಿದೆ.

ಮತ್ತೆ ಅದೇ ದಡ, ಅದೇ ಗಾಳಿ. ಹಗ್ಗ ನಿಧಾನವಾಗಿ ಎಳೆದೆ. ಪಟಪಟ ನಿಂತಿತು. ಕುಣಿಯುತ್ತಿದ್ದ ದಾರಗಳು ಹಾಯಿಗೆ ಅಂಟಿ ಹಿಂದಕ್ಕೆ ನೆಟ್ಟಗೆ ಮಲಗಿದವು. ದೋಣಿ ಓರೆಯಾಗಿ ಎದುರುಗಾಳಿಗೆ ಏರತೊಡಗಿತು. ಹನ್ನೊಂದು ಸಲ ಮಗ್ಗುಲು ಬದಲಿಸಿ, ಹುಟ್ಟು ಮುಟ್ಟದೆ ದಡಕ್ಕೆ ಬಂದೆ.

ಅವಳು ಮೊಣಕಾಲು ನೀರಿಗೆ ಇಳಿದು ಬಂದು ದೋಣಿ ಹಿಡಿದಳು. ನನ್ನನ್ನು ಮಾತಾಡಿಸುವ ಮೊದಲು ಕೆಳಗಿನ ಟಕ್ಸ್ ಮೇಲೆ ಬೆರಳಾಡಿಸಿದಳು. "ಇಲ್ಲೊಂದು ಹೊಲಿಗಿ ಬಿಟ್ಟೈತಿ, ರಾತ್ರಿ ಹಾಕಿಕೊಡ್ತೀನಿ" ಅಂದಳು.