ಸೇಬು ಬೇಡವೆಂದ ಹುಡುಗಿ

ಕೇಳುಗರೇ, ನಮಸ್ಕಾರ.

ಜಪಾನಿನ ಟಿವಿಯಲ್ಲಿ ಮಾಂತ್ರಿಕ ಹುಡುಗಿಯರ ಕಾರ್ಟೂನ್ ಸರಣಿಗಳು ಹಲವು ದಶಕಗಳಿಂದ ಬರುತ್ತಿವೆ. ಶಾಲೆಗೆ ಹೋಗುವ ಹುಡುಗಿಗೆ ಹೇಗೋ ಒಂದು ಶಕ್ತಿ ಕೈಸೇರುತ್ತದೆ. ಅಷ್ಟರಲ್ಲಿ ಎದುರಾಳಿಯಾಗಿ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ, ಇವಳಿಗಿಂತ ಚುರುಕು, ಇವಳಿಗಿಂತ ಒರಟು. ಕೊನೆಗೆ ಇಬ್ಬರೂ ಒಂದಾಗುತ್ತಾರೆಂಬುದು ನೋಡುವ ಮಕ್ಕಳಿಗೂ ಗೊತ್ತು. ಆದರೆ ಹೇಗೆ ಒಂದಾದರು? ನನಗೆ ಕುತೂಹಲ ಅಲ್ಲಿ.

2004ರಲ್ಲಿ ಬಂದ 'ಮ್ಯಾಜಿಕಲ್ ಗರ್ಲ್ ಲಿರಿಕಲ್ ನಾನೋಹಾ' ಸರಣಿಯ ಫೇಟ್ ಎಂಬ ಹುಡುಗಿ ಮಾಯಾರತ್ನಗಳನ್ನು ಹುಡುಕುವುದು ತಾಯಿಯ ಅಪ್ಪಣೆಯಂತೆ. ಒಮ್ಮೆ ಅಮ್ಮನಿಗೆಂದು ಕೇಕಿನ ಡಬ್ಬಿಯನ್ನೂ ಹಿಡಿದು ಮನೆಗೆ ಹೋಗುತ್ತಾಳೆ. ರತ್ನ ಕಡಿಮೆಯಾಯಿತೆಂದು ಸಿಗುವುದು ಚಾಟಿಯೇಟು. ಸತ್ತ ಮಗಳ ಜಾಗಕ್ಕೆಂದು ತಾಯಿ ಸೃಷ್ಟಿಸಿಕೊಂಡ ಪ್ರತಿರೂಪ ತಾನು ಎಂಬುದು ಆಮೇಲೆ ತಿಳಿಯುತ್ತದೆ. ಎದುರು ಬಣದ ನಾನೋಹಾ ಮಾತ್ರ 'ನಿನ್ನ ಕಥೆ ಹೇಳು' ಎಂದು ದುಂಬಾಲು ಬೀಳುತ್ತಾಳೆ. ಸ್ನೇಹ ಬೇಕು ಅನ್ನುತ್ತಲೇ ಅವಳನ್ನು ಕಟ್ಟಿಹಾಕಿ ಬೆಳಕಿನ ಮಹಾಸ್ತ್ರ ಬಿಡುತ್ತಾಳೆ, ಅದು ಬೇರೆ ಮಾತು! ಕೊನೆಗೆ ಸೇತುವೆಯ ಮೇಲೆ ಇಬ್ಬರೂ ಜಡೆಯ ರಿಬ್ಬನ್ ಬದಲಿಸಿಕೊಳ್ಳುತ್ತಾರೆ. ನೋಡುವವರ ಕಣ್ಣು ತುಂಬುತ್ತದೆ, ಸುಳ್ಳೇಕೆ.

ಅದೇ ನಿರ್ದೇಶಕ ಅಕಿಯುಕಿ ಶಿನ್‌ಬೋ 2011ರಲ್ಲಿ 'ಪುಯೆಲ್ಲಾ ಮಾಗಿ ಮಾಡೋಕಾ ಮಾಗಿಕಾ' ಮಾಡಿದಾಗ ಈ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಬರೆದವರು ಗೆನ್ ಉರೊಬುಚಿ. ಅದರಲ್ಲಿ ಕ್ಯೋಕೋ ಎಂಬ ಕೆಂಪುಡುಗೆಯ ಹುಡುಗಿ ಬಾಯಾಡಿಸುತ್ತಲೇ ಇರುತ್ತಾಳೆ. ತನ್ನ ಪಾಡು ತಾನು ನೋಡಿಕೊಂಡರೆ ಸಾಕು ಎಂಬ ಸ್ವಭಾವ. ಪರೋಪಕಾರದ ಹುಚ್ಚು ಹತ್ತಿಸಿಕೊಂಡ ಸಯಾಕಾಳ ಜೊತೆ ಮೊದಲ ಭೇಟಿಯಲ್ಲೇ ಈಟಿ, ಕತ್ತಿಗಳ ಕಾಳಗ.

ಒಂದು ದಿನ ಕ್ಯೋಕೋ ಅವಳನ್ನು ಪಾಳುಬಿದ್ದ ಚರ್ಚಿಗೆ ಕರೆದೊಯ್ದು ಒಂದು ಸೇಬು ಎಸೆಯುತ್ತಾಳೆ. ಸಯಾಕಾ ಅದನ್ನು ನೆಲಕ್ಕೆ ಬಿಸಾಡಿದ್ದೇ ತಡ, ಕ್ಯೋಕೋ ಅವಳ ಕುತ್ತಿಗೆಗೆ ಕೈ ಹಾಕಿ 'ಅನ್ನ ಹಾಳು ಮಾಡಬೇಡ, ಕೊಂದುಬಿಡುತ್ತೇನೆ' ಎಂದು ಗದರುತ್ತಾಳೆ. ಆಮೇಲೆ ತನ್ನ ಕಥೆ ಬಿಚ್ಚುತ್ತಾಳೆ. ಅವಳ ಅಪ್ಪ ಬೋಧಕ. ಅವರ ಮಾತಿಗೆ ಕಿವಿಗೊಡುವವರೇ ಇರಲಿಲ್ಲ, ಮನೆಯಲ್ಲಿ ಊಟಕ್ಕೂ ತತ್ವಾರ. ಜನ ಅಪ್ಪನ ಮಾತು ಕೇಳಲಿ ಎಂದು ವರ ಬೇಡಿ ಅವಳು ಶಕ್ತಿ ಪಡೆದಳು. ಗುಟ್ಟು ಬಯಲಾದಾಗ ಅಪ್ಪ ಮಗಳನ್ನೇ ಮಾಟಗಾತಿ ಎಂದರು. ಕುಡಿತಕ್ಕೆ ಬಿದ್ದು, ಹೆಂಡತಿ ಮತ್ತು ಚಿಕ್ಕ ಮಗಳನ್ನು ಕೊಂದು, ತಾವೂ ಪ್ರಾಣ ಬಿಟ್ಟರು.

ಇಷ್ಟಾದ ಮೇಲೆ ಅಪ್ಪಿಕೊಳ್ಳಬೇಕಲ್ಲವೇ? ಸಯಾಕಾ ಕೇಳುವುದೇ ಬೇರೆ: ಈ ಸೇಬಿಗೆ ದುಡ್ಡು ಎಲ್ಲಿಂದ ಬಂತು? ಕ್ಯೋಕೋ ಬಾಯಿ ಕಟ್ಟಿಹೋಗುತ್ತದೆ. ಹಾಗಾದರೆ ನನಗೆ ಬೇಡ ಎಂದು ಸಯಾಕಾ ಹೊರಟೇಬಿಡುತ್ತಾಳೆ. ಫೇಟ್‌ಳ ರಿಬ್ಬನ್ನಿಗಿಂತ ಈ ಬೇಡದ ಸೇಬು ನನಗೆ ಹೆಚ್ಚು ನಿಜವೆನಿಸುತ್ತದೆ. ನೋವು ಹೇಳಿಕೊಂಡವರೆಲ್ಲ ಮರುಗಳಿಗೆಗೇ ಗೆಳೆಯರಾಗುವುದಿಲ್ಲವಷ್ಟೇ?

ಮುಂದೆ ಸಯಾಕಾ ತಾನೇ ಮಾಟಗಾತಿಯಾಗುತ್ತಾಳೆ; ಈ ಕಥೆಯಲ್ಲಿ ಹತಾಶೆಗೆ ಬಿದ್ದ ಮಾಂತ್ರಿಕ ಹುಡುಗಿಯರು ಹಾಗೆ ರಾಕ್ಷಸರೂಪ ತಾಳುತ್ತಾರೆ. ಅವಳನ್ನು ಮರಳಿ ತರಲು ಹೋದ ಕ್ಯೋಕೋ, ಆಗದೆಂದು ತಿಳಿದಾಗ, ಒಂಟಿಯಾಗಿ ಬಿಡದೆ ಅವಳ ಜೊತೆಗೇ ಸಾಯುತ್ತಾಳೆ. ಕೊನೆಯ ಕಂತಿನಲ್ಲಿ ಲೋಕವೇ ಹೊಸದಾಗುತ್ತದೆ. ಕ್ಯೋಕೋ ಬದುಕಿದ್ದಾಳೆ, ಸಯಾಕಾ ಅಲ್ಲೂ ಉಳಿಯುವುದಿಲ್ಲ. 'ಕೊನೆಗೂ ಗೆಳತಿಯರಾಗಿದ್ದೆವಲ್ಲ' ಎಂದು ಕ್ಯೋಕೋ ಬೈಯುತ್ತ ಅಳುತ್ತಾಳೆ. ಆ ಗೆಳೆತನ ಹೇಗಾಯಿತೆಂದು ಮಾತ್ರ ಸರಣಿ ನಮಗೆ ತೋರಿಸುವುದೇ ಇಲ್ಲ.

ನಮಸ್ಕಾರ.